ಜಟ್ಟಿಂಗಪ್ಪನ ಓಟ

ಜಟ್ಟಿಂಗಪ್ಪ ಬ್ಯಾಟು ಬೀಸಿದರೆ ಓಡುತ್ತಿದ್ದವನು ಶ್ಯಾಮ. ಸಾಗರದ ಕ್ರಿಕೆಟ್ ತಂಡದಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಏರ್ಪಾಡು. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಜಟ್ಟಿಂಗಪ್ಪನ ಹೃದಯ ಕೆಡಿಸಿಟ್ಟು ಹೋಗಿತ್ತು. ಓಡಿದರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಹೇಳಿದ್ದರು. ಆಟ ಬಿಡು ಎಂದರೆ ಈ ಪುಣ್ಯಾತ್ಮ ಊಟ ಬಿಟ್ಟ. ಕೊನೆಗೆ ತಾಯಿ ಮೂಕಮ್ಮ ದರ್ಜಿ ಅಂಗಡಿಯ ಶ್ಯಾಮನನ್ನು ಕರೆಸಿ ದೇವರ ಮುಂದೆ ನಿಲ್ಲಿಸಿದಳು. ಇವನ ಓಟವನ್ನೆಲ್ಲ ನೀನೇ ಓಡಬೇಕು, ಇವನು ಒಂದು ಹೆಜ್ಜೆ ಓಡಿದರೂ ನಿನ್ನನ್ನೇ ಕೇಳುತ್ತೇನೆ ಎಂದು ಆಣೆ ಮಾಡಿಸಿಕೊಂಡಳು.

ಹೊಸನಗರದವರು ಮೊದಲು ತಕರಾರು ತೆಗೆದರು. ಗಾಯವಿಲ್ಲ, ಕುಂಟಿಲ್ಲ, ಇವನಿಗೇಕೆ ರನ್ನರ್ ಎಂದರು. ಆಮೇಲೆ ಅವನ ಆಟ ನೋಡಿ ಸುಮ್ಮನಾದರು. ಚೆಂಡನ್ನು ಹೊಡೆದು, ಬ್ಯಾಟಿಗೆ ಒರಗಿ, ಯಾರದೋ ಮದುವೆಗೆ ಬಂದ ನೆಂಟನ ಹಾಗೆ ನಗುತ್ತ ನಿಂತಿರುತ್ತಿದ್ದ. ಅತ್ತ ಶ್ಯಾಮನಿಗೆ ಏದುಸಿರು. ಅರ್ಧ ಶತಕ ಅವನದು, ಕಾಲುನೋವು ನನ್ನದು ಎಂದು ಗೊಣಗುತ್ತಿದ್ದ. ಹಾಗೆಂದು ಬೇರೆ ಯಾರಾದರೂ ಓಡಲು ಬಂದರೆ ಬಿಡುತ್ತಿರಲಿಲ್ಲ. ಜಟ್ಟಿಂಗಪ್ಪನೆಂದರೆ ಅವನಿಗೆ ಅಷ್ಟು ಜೀವ.

ಅರವತ್ತಮೂರರ ಬೇಸಿಗೆಯಲ್ಲಿ ತೀರ್ಥಹಳ್ಳಿಯವರ ಮೇಲೆ ಪಂದ್ಯ. ಕೊನೆಯ ಚೆಂಡು, ಗೆಲ್ಲಲು ಎರಡು ರನ್ ಬೇಕು. ಜಟ್ಟಿಂಗಪ್ಪ ಚೆಂಡನ್ನು ದೂರ ಅಟ್ಟಿದ. ಶ್ಯಾಮ ಓಡುತ್ತ ಪಕ್ಕಕ್ಕೆ ನೋಡಿದರೆ ಜಟ್ಟಿಂಗಪ್ಪನೂ ಓಡುತ್ತಿದ್ದಾನೆ. ಶ್ಯಾಮನಿಗೆ ಪಂದ್ಯ ಮರೆತುಹೋಯಿತು. ಅಡ್ಡ ಹಾರಿ ಅವನನ್ನು ತಬ್ಬಿ ಹಿಡಿದ. ವಿಕೆಟ್ ಕೀಪರ್ ಆರಾಮವಾಗಿ ಬೇಲ್ಸ್ ಬೀಳಿಸಿದ.

ವಾಪಸು ಬಸ್ಸಿನಲ್ಲಿ ಇಡೀ ತಂಡ ಶ್ಯಾಮನಿಗೆ ಉಗಿಯಿತು. ಜಟ್ಟಿಂಗಪ್ಪ ಕಿಟಕಿಯತ್ತ ಮುಖ ಮಾಡಿ ಕೂತವನು ಸಾಗರ ಬಂದಾಗಲೇ ಬಾಯಿ ಬಿಟ್ಟದ್ದು.

"ಒಂದ್ಸಲ ಓಡಕ್ಕೆ ಬಿಡಬಾರ್ದಿತ್ತೇನೋ?"

ಶ್ಯಾಮನಿಗೂ ಸಿಟ್ಟು ಬಂತು. ನಿಮ್ಮಮ್ಮನಿಗೆ ಹೇಳುತ್ತೇನೆಂದು ಗದರಿದ. ಹೇಳಲು ಮಾತ್ರ ಧೈರ್ಯ ಬರಲಿಲ್ಲ.

ಅದಾಗಿ ಮಳೆಗಾಲ ಕಳೆದು ದೀಪಾವಳಿಯ ಹೊತ್ತಿಗೆ, ಜಟ್ಟಿಂಗಪ್ಪ ಮಧ್ಯಾಹ್ನ ಉಂಡು ಮಲಗಿದವನು ಏಳಲಿಲ್ಲ. ಇಪ್ಪತ್ತಮೂರು ತುಂಬಿರಲಿಲ್ಲ. ಯಾವ ಓಟವೂ ಇಲ್ಲದೆ, ಮಲಗಿದ್ದಲ್ಲೇ ಆ ಹೃದಯ ನಿಂತಿತ್ತು.

ತಿಥಿ ಮುಗಿದ ಮೇಲೆ ಮೂಕಮ್ಮ ಶ್ಯಾಮನನ್ನು ಒಳಗೆ ಕರೆದು ಕೂರಿಸಿಕೊಂಡಳು. ಅವನು ಯಾವತ್ತಾದರೂ ಓಡಿದ್ದನೇ ಎಂದು ಕೇಳಿದಳು. ಆಣೆ ಮಾಡಿದ ಮನೆಯಲ್ಲಿ ಕೂತು ಸುಳ್ಳು ಹೇಳಲಾಗದೆ ಶ್ಯಾಮ ತೀರ್ಥಹಳ್ಳಿಯ ಕಥೆಯನ್ನೆಲ್ಲ ಹೇಳಿದ. ತಪ್ಪಾಯಿತು, ನೋಡಿದ ತಕ್ಷಣ ಹಿಡಿದುಕೊಂಡೆ ಎಂದ.

ಮೂಕಮ್ಮ ಬೈಯಲಿಲ್ಲ.

"ಹೆಂಗೆ ಓಡ್ದ?"

"ಜೋರಾಗೇ ಓಡ್ದ ಅಮ್ಮ. ನಗ್ತಾ ಇದ್ದ."

"ಆಚೆ ತುದಿ ಮುಟ್ತಿದ್ನಾ?"

"ನನಗಿಂತ ಮುಂಚೆ ಮುಟ್ತಿದ್ದ."

ಮೂಕಮ್ಮ ಶ್ಯಾಮನ ಎರಡೂ ಕೈ ಹಿಡಿದುಕೊಂಡಳು.

"ಹಿಡೀಬಾರ್ದಿತ್ತು ತಮ್ಮಾ," ಎಂದಳು.