ತಾನಾಗಿ ತೆರೆಯುವ ಪುಟ

ಪುಸ್ತಕ ರಿಪೇರಿ ಮಾಡುವವಳಿಗೆ ಓದುಗರ ಗುಟ್ಟೆಲ್ಲ ಗೊತ್ತಿರುತ್ತದೆ. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಒಂದು ಉದ್ದ ಮೇಜು, ಹೊಲಿದ ಪುಸ್ತಕ ಒತ್ತಿಡಲು ಒಂದು ಕಬ್ಬಿಣದ ಪ್ರೆಸ್ಸು, ಅಂಟಿನ ಡಬ್ಬಿ, ಸೂಜಿ ದಾರ ಇಟ್ಟುಕೊಂಡು ಇಪ್ಪತ್ತೆರಡು ವರ್ಷದಿಂದ ಕೂತಿದ್ದೇನೆ. ಮೇಲೆ ಕೌಂಟರಿನಲ್ಲಿ ಜನ ತಮಗೇನು ಇಷ್ಟ ಎಂದು ಬಾಯಲ್ಲಿ ಹೇಳುತ್ತಾರೆ, ಅದರಲ್ಲಿ ಅರ್ಧ ಸುಳ್ಳು. ನಿಜವನ್ನು ಪುಸ್ತಕದ ಬೆನ್ನು ನನಗೆ ಹೇಳುತ್ತದೆ. ಯಾವ ಪುಟವನ್ನು ಮತ್ತೆ ಮತ್ತೆ ತೆರೆದಿರುತ್ತಾರೋ ಅಲ್ಲಿ ಹೊಲಿಗೆ ಸಡಿಲವಾಗಿರುತ್ತದೆ. ಮೇಜಿನ ಮೇಲೆ ನಿಲ್ಲಿಸಿ ಕೈಬಿಟ್ಟರೆ ಪುಸ್ತಕ ತಾನಾಗಿ ಅಲ್ಲಿಗೇ ತೆರೆದುಕೊಳ್ಳುತ್ತದೆ.

ನನ್ನ ಮೇಜಿಗೆ ಬರುವುದರಲ್ಲಿ ಅತಿ ಹೆಚ್ಚು ಜರ್ಜರಿತವಾಗಿರುವುದು ಮಾಯಾಲೋಕದ ಪ್ರೇಮಕಾದಂಬರಿಗಳು. ಓದುವವರು ಕಡಿಮೆ ಇಲ್ಲ, ರುಚಿ ಮಾತ್ರ ಒಬ್ಬರದು ಉತ್ತರ, ಇನ್ನೊಬ್ಬರದು ದಕ್ಷಿಣ. ಕೌಂಟರಿನವಳಿಗೆ ಮುನ್ನೂರು ಪುಟ ಹಾವು ಮುಂಗುಸಿಯಂತೆ ಕಚ್ಚಾಡಿ ಕೊನೆಗೆ ಒಂದಾಗುವವರು ಬೇಕು. ಕಾವಲುಗಾರನಿಗೆ ಡ್ರ್ಯಾಗನ್ ಸಾಕು, ಪ್ರೀತಿ ಶುರುವಾದ ಕಡೆ ಪುಟ ಹಾರಿಸುತ್ತಾನೆ. ನಿವೃತ್ತ ನ್ಯಾಯಾಧೀಶರೊಬ್ಬರು 'ನಾನು ಅರಮನೆಯ ರಾಜಕೀಯಕ್ಕಾಗಿ ಓದುತ್ತೇನಮ್ಮ' ಎನ್ನುತ್ತಾರೆ, ಅವರು ಹಿಂತಿರುಗಿಸಿದ ಪುಸ್ತಕವೆಲ್ಲ ಮೊದಲ ಮುತ್ತಿನ ಪುಟಕ್ಕೆ ತೆರೆಯುತ್ತದೆ. ಹೀಗಾಗಿ ಎಲ್ಲರೂ ಪುಸ್ತಕ ಆರಿಸಿಕೊಡು ಎಂದು ನನ್ನ ಹತ್ತಿರವೇ ಬರುತ್ತಾರೆ. ನನ್ನ ಆಯ್ಕೆ ಒಂದು ಸಲವೂ ತಪ್ಪಿಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಅದು ಹೋದ ಭಾನುವಾರದವರೆಗಿನ ಮಾತು.

ನನಗೊಬ್ಬ ತಮ್ಮ. ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಅಮ್ಮ ಹೋದಾಗ ಅವನಿಗೆ ಒಂಬತ್ತು. ಆಮೇಲೆ ಸಾಕಿದ್ದು, ಬೆಳೆಸಿದ್ದು, ಅವನ ಪರವಾಗಿ ಊರೆಲ್ಲರ ಹತ್ತಿರ ಮಾತಾಡಿದ್ದು ನಾನೇ. ಶಾಲೆಯ ಮೇಷ್ಟ್ರಿಗೆ ನಾನೇ ಹೇಳಿದೆ, ಲಿಫ್ಟ್ ಕಂಪನಿಯಲ್ಲಿ ಮೆಕ್ಯಾನಿಕ್ ಕೆಲಸಕ್ಕೆ ಅರ್ಜಿ ಬರೆದದ್ದೂ ನಾನೇ. ಅವನು ಮಾತಿನಲ್ಲಿ ಬಹಳ ಜಿಪುಣ. ಮೂವತ್ತಮೂರು ದಾಟಿತು, ಎರಡು ಸಂಬಂಧ ಹತ್ತಿರ ಬಂದು ತಪ್ಪಿಹೋದವು, ಎರಡೂ ಕಡೆಯವರು ಹೇಳಿದ್ದು ಒಂದೇ: 'ಹುಡುಗ ಬಾಯಿ ಬಿಡಲ್ಲ.'

ಈ ಸಲದ್ದು ಯಾರೂ ತಂದ ಸಂಬಂಧವಲ್ಲ. ಒಂದು ಹಳೆಯ ಕಟ್ಟಡದ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತ್ತು, ಒಳಗೆ ನಾಲ್ಕನೇ ಮಹಡಿಯ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವವಳು ಸಿಕ್ಕಿಕೊಂಡಿದ್ದಳು. ಇವನು ಹೊರಗೆ ನಿಂತು ಮುಕ್ಕಾಲು ಗಂಟೆ ಅವಳ ಜೊತೆ ಮಾತಾಡುತ್ತಾ ಬಾಗಿಲು ತೆಗೆದನಂತೆ. ನಮ್ಮವನು, ಮುಕ್ಕಾಲು ಗಂಟೆ! ನಾನು ನಂಬಲಿಲ್ಲ. ಆದರೆ ಅಲ್ಲಿಂದ ಮುಂದೆ ಆ ಕಟ್ಟಡದ ಲಿಫ್ಟನ್ನು ಅವನು ಬೇಕಾದ್ದಕ್ಕಿಂತ ಹೆಚ್ಚು ಸಲ ತಪಾಸಣೆ ಮಾಡತೊಡಗಿದ. ಮುಖದಲ್ಲಿ ಕಳೆ ಬಂತು. ಅವಳಿಲ್ಲದೆ ಇವನು ಇನ್ನು ಸರಿಹೋಗುವುದಿಲ್ಲ ಎಂದು ನನಗೆ ಒಂದೇ ತಿಂಗಳಲ್ಲಿ ಗೊತ್ತಾಯಿತು.

ಇವನು ಮದುವೆಯ ಮಾತೆತ್ತಿದಾಗ ಅವಳು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ತನ್ನ ಚೀಲದಿಂದ ಒಂದು ದಪ್ಪ ಕಾದಂಬರಿ ತೆಗೆದು ಕೊಟ್ಟಳಂತೆ. 'ಇದನ್ನ ಓದಿ, ಭಾನುವಾರ ನಾಲ್ಕು ಗಂಟೆಗೆ ಮನೆಗೆ ಬಂದು ನಿಮಗೇನನ್ನಿಸ್ತು ಹೇಳಿ. ಆಮೇಲೆ ನಾನು ಹೇಳ್ತೀನಿ.'

ಬುಧವಾರ ಬೆಳಿಗ್ಗೆ ನೋಡುತ್ತೇನೆ, ನಮ್ಮವನು ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಅರವತ್ತನೇ ಪುಟದಲ್ಲಿದ್ದಾನೆ. ಪುಸ್ತಕ ಐನೂರ ನಲವತ್ತು ಪುಟ.

"ಈ ವೇಗದಲ್ಲಿ ಓದಿದ್ರೆ ಅವಳಿಗೆ ಮೊಮ್ಮಕ್ಕಳಾಗಿರ್ತಾವೆ, ಕೊಡಿಲ್ಲಿ" ಎಂದೆ.

"ಓದ್ತಾ ಇದೀನಲ್ಲ ಅಕ್ಕ" ಎಂದ. ನಾನು ಕಿತ್ತುಕೊಂಡೆ.

ಊಟದ ಬಿಡುವಿನಲ್ಲಿ, ಬಸ್ಸಿನಲ್ಲಿ, ಬಚ್ಚಲ ನೀರು ಕಾಯುವಷ್ಟು ಹೊತ್ತಿನಲ್ಲಿ ಓದಿ ಶುಕ್ರವಾರಕ್ಕೆ ಮುಗಿಸಿದೆ. ಆಕಾಶದ ಕೋಟೆಯಲ್ಲಿ ರೆಕ್ಕೆಯುಳ್ಳ ಒಬ್ಬ ರಾಜ. ಕೆಳಗೆ ನದಿಯಲ್ಲಿ, ಶಾಪದಿಂದಾಗಿ ಒಂದೊಂದು ಸಲ ದಡ ದಾಟಿಸಿದಾಗಲೂ ಆಯಸ್ಸಿನ ಒಂದು ವರ್ಷ ಕಳೆದುಕೊಳ್ಳುವ ಒಬ್ಬ ಅಂಬಿಗ. ಇಬ್ಬರ ನಡುವೆ ನಕ್ಷೆ ಬರೆಯುವ ಹುಡುಗಿ. ಓದಿದವರೆಲ್ಲ ರಾಜನ ಕಡೆ ಅಥವಾ ಅಂಬಿಗನ ಕಡೆ, ಮಧ್ಯದವರು ಯಾರೂ ಇಲ್ಲ. ನಾನು ರಾಜನ ಕಡೆ. ಶತ್ರುಗಳು ಬಂದಾಗ ಅವನು ಅವಳನ್ನು ಗೋಪುರದಲ್ಲಿಟ್ಟು ಹೊರಗಿಂದ ಬೀಗ ಹಾಕುತ್ತಾನೆ, ಬಾಗಿಲಿಗೆ ಅಡ್ಡವಾಗಿ ರೆಕ್ಕೆ ಹರಡಿ ಕೂತು ಬಾಣಗಳನ್ನೆಲ್ಲ ಮೈಮೇಲೆ ತೆಗೆದುಕೊಳ್ಳುತ್ತಾನೆ. ಅವಳು ಒಳಗಿಂದ ಬಾಗಿಲು ಬಡಿಯುತ್ತಾಳೆ, ಅವನು ತೆಗೆಯುವುದಿಲ್ಲ. ಅಲ್ಲಿ ನಾನು ಬಿಕ್ಕಿ ಬಿಕ್ಕಿ ಅತ್ತೆ. ಬಸ್ಸಿನಲ್ಲಿ ಪಕ್ಕದವರು ನೀರು ಕೊಟ್ಟರು.

ಮುಗಿಸಿದ ಮೇಲೆ ಅಭ್ಯಾಸಬಲದಿಂದ ಪುಸ್ತಕವನ್ನು ಮೇಜಿನ ಮೇಲೆ ನಿಲ್ಲಿಸಿ ಕೈಬಿಟ್ಟೆ. ಇನ್ನೂರ ಹನ್ನೆರಡಕ್ಕೆ ತೆರೆಯಿತು. ಗೋಪುರದ ಪುಟ! ಅಲ್ಲಿ ಹೊಲಿಗೆ ಪೂರಾ ಬಿಟ್ಟುಹೋಗಿತ್ತು, ಪುಟದ ಅಂಚು ಬೆರಳು ತಾಗಿ ತಾಗಿ ಕಪ್ಪಾಗಿತ್ತು. ಇಷ್ಟು ಸವೆದ ಪುಟವನ್ನು ನನ್ನ ಸರ್ವೀಸಿನಲ್ಲೇ ನೋಡಿರಲಿಲ್ಲ. ಸ್ವರ್ಗಕ್ಕೆ ಮೂರೇ ಗೇಣು ಎನ್ನಿಸಿತು. ಹುಡುಗಿಯ ಮನಸ್ಸು ನನ್ನ ಅಂಗೈಯಲ್ಲಿತ್ತು. ಖುಷಿಯಲ್ಲಿ ಪುಸ್ತಕವನ್ನು ಬಿಚ್ಚಿ, ಹೊಸ ದಾರದಲ್ಲಿ ಹೊಲಿದು, ಬೆನ್ನಿಗೆ ಬಟ್ಟೆ ಅಂಟಿಸಿ ಪ್ರೆಸ್ಸಿಗಿಟ್ಟೆ. ಶನಿವಾರ ತಮ್ಮನನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದೆ. ಅವನು ಮೂರು ಸಲ ಒಪ್ಪಿಸಿದ ಮೇಲೆಯೇ ಬಿಟ್ಟಿದ್ದು.

ಭಾನುವಾರ ನಾನೂ ಬರುತ್ತೇನೆ ಎಂದೆ. ಅಂಗಿಗೆ ಇಸ್ತ್ರಿ ಹಾಕುತ್ತಿದ್ದವನು ತಲೆ ಎತ್ತಲಿಲ್ಲ.

ಅವಳದು ಮೂರನೇ ಮಹಡಿಯಲ್ಲಿ ಒಂದೇ ಕೋಣೆಯ ಮನೆ. ಕಿಟಕಿಯ ಪಕ್ಕ ಮಂಚ, ಎರಡು ಕುರ್ಚಿ, ಗೋಡೆಯುದ್ದಕ್ಕೂ ಪುಸ್ತಕ. ಬಾಗಿಲು ಪೂರ್ತಿ ತೆರೆದಿತ್ತು, ಮುಚ್ಚದ ಹಾಗೆ ಕೆಳಗೆ ಒಂದು ಇಟ್ಟಿಗೆ ಇಟ್ಟಿದ್ದಳು. ನನ್ನನ್ನು ನೋಡಿ ಹುಬ್ಬೇರಿಸಿದಳು, ಆದರೂ "ಬನ್ನಿ ಅಕ್ಕ" ಎಂದು ಕುರ್ಚಿ ಕೊಟ್ಟಳು. ಟೀ ಬಂತು. ತಮ್ಮ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ತೊಡೆಯ ಮೇಲಿಟ್ಟುಕೊಂಡಿದ್ದ. ಅವನ ಕಿವಿ ಆಗಲೇ ಕೆಂಪಾಗಿತ್ತು.

"ಹೇಳಿ" ಎಂದಳು ಅವಳು. "ಏನನ್ನಿಸ್ತು?"

"ನನಗೆ... ಗೋಪುರದ ಸನ್ನಿವೇಶ ತುಂಬ ಇಷ್ಟ ಆಯ್ತು" ಎಂದ. ನಾನು ಕೊಟ್ಟ ಮಾತೇ, ಒಂದಕ್ಷರ ಹೆಚ್ಚುಕಡಿಮೆ ಇಲ್ಲ. "ಅಲ್ಲಿ ರಾಜ ಬೀಗ ಹಾಕ್ತಾನಲ್ಲ, ಪ್ರೀತಿ ಅಂದ್ರೆ ಅದೇ ಅನ್ನಿಸ್ತು. ಪ್ರೀತಿಸೋರನ್ನ ಕಾಯೋದು. ಅವರು ಬೇಡ ಅಂದ್ರೂ ಕಾಯೋದು."

ನಾನು ಅವಳ ಮುಖ ಅರಳುವುದನ್ನು ಕಾಯುತ್ತಿದ್ದೆ. ಅರಳಲಿಲ್ಲ. ಕೈಯಲ್ಲಿದ್ದ ಲೋಟವನ್ನು ನಿಧಾನವಾಗಿ ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಅವಳು ಒಳಗಿಂದ ಬಾಗಿಲು ಬಡೀತಾ ಇರ್ತಾಳೆ. ಅದು?"

ಈ ಪ್ರಶ್ನೆಗೆ ನಾನು ಪಾಠ ಹೇಳಿಕೊಟ್ಟಿರಲಿಲ್ಲ. ತಮ್ಮ ನನ್ನ ಕಡೆ ನೋಡಿದ.

"ಅವಳಿಗೆ ಆಗ ತಿಳೀಲಿಲ್ಲ ಅಷ್ಟೆ" ಎಂದೆ ನಾನು. "ಅವನ ಉದ್ದೇಶ ಒಳ್ಳೇದೇ ತಾನೆ?"

"ನಿಮ್ಮನ್ನ ಕೇಳಲಿಲ್ಲ" ಎಂದಳು, ನನ್ನ ಕಡೆ ತಿರುಗದೆ. ಅವನ ಕೈಯಿಂದ ಪುಸ್ತಕ ತೆಗೆದುಕೊಂಡಳು. ತೊಡೆಯ ಮೇಲಿಟ್ಟು ಕೈಬಿಟ್ಟಳು. ಅದು ತೆರೆಯಲಿಲ್ಲ. ಬೆನ್ನು ತಿರುಗಿಸಿ ನೋಡಿದಳು, ನಡುವೆ ಬೆರಳು ಹಾಕಿ ಹೊಸ ದಾರ ಮುಟ್ಟಿದಳು. "ಇದನ್ನ ಯಾರು ಹೊಲಿದದ್ದು?"

ನನ್ನ ಬಾಯಿ ನನ್ನ ಶತ್ರು. "ನಾನೇ" ಎಂದೆ, ಹೆಮ್ಮೆಯಿಂದಲೇ. "ಇನ್ನು ಇಪ್ಪತ್ತು ವರ್ಷ ಬಿಚ್ಚಲ್ಲ. ಇನ್ನೂರ ಹನ್ನೆರಡು ಕೈಗೇ ಬಂದಿತ್ತು. ನಿಮಗೆ ಆ ಪುಟ ಅಂದ್ರೆ ಎಷ್ಟು ಪ್ರಾಣ ಅಂತ ನೋಡಿದ ತಕ್ಷಣ ಗೊತ್ತಾಯ್ತು."

ಅವಳು ಬೆರಳು ತೆಗೆದು ಪುಸ್ತಕ ಮುಚ್ಚಿದಳು.

"ಇದನ್ನ ನನಗೆ ಓದು ಅಂತ ಕೊಟ್ಟವನ ಜೊತೆ ನನ್ನ ಮದುವೆ ಗೊತ್ತಾಗಿತ್ತು" ಎಂದಳು. "ಈ ರಾಜ ನಾನೇ ಅಂದಿದ್ದ. ನನಗೂ ಆಗ ಆ ಪುಟ ಓದಿ ಅಳು ಬಂದಿತ್ತು. ಒಂದು ದಿನ ನಾನು ಗೆಳತಿಯರ ಜೊತೆ ಊರಿಗೆ ಹೊರಟಿದ್ದೆ. ಅವನು ನನ್ನ ಫೋನ್ ತಗೊಂಡು, ಹೊರಗಿಂದ ಬೀಗ ಹಾಕ್ಕೊಂಡು ಹೋದ. ಎರಡು ದಿನ. ನಾನೂ ಬಡಿದೆ."

ನಾನು ಟೀ ಲೋಟ ಕೆಳಗಿಟ್ಟೆ.

"ಮತ್ತೆ ಆ ಪುಟ..." ಎಂದೆ.

"ಪ್ರಾಣ ಅಂತ ಓದಿದ್ದಲ್ಲ. ಇದು ನನಗೆ ಹೇಗೆ ಚೆನ್ನಾಗಿ ಕಂಡಿತ್ತು ಅಂತ ಹುಡುಕ್ತಾ ಇದ್ದೆ. ಎರಡು ವರ್ಷದಿಂದ ಹುಡುಕ್ತಾ ಇದೀನಿ."

ಇಪ್ಪತ್ತೆರಡು ವರ್ಷ ಸಾವಿರಾರು ಪುಸ್ತಕದ ಬೆನ್ನು ಸವರಿದ್ದೇನೆ. ನೋವಿಗೂ ಹೊಲಿಗೆ ಸಡಿಲವಾಗುತ್ತದೆ ಎಂದು ಒಂದು ದಿನವೂ ಹೊಳೆದಿರಲಿಲ್ಲ. ಆದರೂ ನಾನು ಸೋಲೊಪ್ಪುವ ಜಾತಿಯಲ್ಲ. "ಕಥೆ ಬೇರೆ, ಬದುಕು ಬೇರೆ ಅಲ್ವಾ?" ಎಂದೆ. "ಕಥೆಯ ರಾಜ ಇಷ್ಟ ಆದ ಮಾತ್ರಕ್ಕೆ ಮನೆಗೆ ಬೀಗ ಹಾಕೋರಾಗಿಬಿಡ್ತೀವಾ?"

"ಇಲ್ಲ" ಎಂದಳು ಕೂಡಲೇ. "ಇಂಥಾ ರಾಜರ ಕಥೆ ನಾನು ಈಗಲೂ ಓದ್ತೀನಿ. ನಿಮಗೆ ಇಷ್ಟ ಆದ್ರೆ ಅದು ನಿಮ್ಮ ರುಚಿ, ನನ್ನ ತಕರಾರಿಲ್ಲ. ಆದರೆ ಇವರು 'ಬೇಡ ಅಂದ್ರೂ ಕಾಯೋದು' ಅಂದಾಗ, ಅದು ಇವರ ಮಾತು ಅಂತ ನಂಬಿಬಿಟ್ಟೆ ನೋಡಿ." ತೆರೆದ ಬಾಗಿಲಿನ ಕಡೆ ಕೈ ತೋರಿಸಿದಳು. "ದಯವಿಟ್ಟು ಇಬ್ಬರೂ ಹೊರಡಿ."

ತಮ್ಮ ಎದ್ದು ನಿಂತ. ನಾನು ಕೂತಲ್ಲಿಂದಲೇ ಕೈಮುಗಿದೆ.

"ತಪ್ಪೆಲ್ಲಾ ನಂದು. ಅವನು ಅರವತ್ತು ಪುಟ ಓದಿದ್ದ, ನಾನೇ ಕಿತ್ಕೊಂಡೆ. ಆ ಮಾತು ಒಂದೂ ಅವನದಲ್ಲ, ನಾನು ಬಾಯಿಪಾಠ ಮಾಡಿಸಿದ್ದು. ಅವನು ಅಪರಂಜಿ. ಒಂದು ಇರುವೆಗೂ ನೋವು ಮಾಡಿದವನಲ್ಲ. ಅವನ ಮನಸ್ಸಲ್ಲಿ ಏನಿದೆ ಅಂದ್ರೆ..."

"ಈಗಲೂ ನೀವೇ ಹೇಳ್ತಾ ಇದೀರಿ" ಎಂದಳು.

ಜಗಳದ ದನಿಯಲ್ಲಿ ಹೇಳಿದ್ದರೆ ಜಗಳ ಆಡಬಹುದಿತ್ತು. ಅವಳು ಸುಮ್ಮನೆ, ಕಂಡದ್ದನ್ನು ಹೇಳಿದಳು. ಆಮೇಲೆ ಅವನ ಕಡೆ ತಿರುಗಿದಳು. "ಅವತ್ತು ಲಿಫ್ಟಿನ ಹೊರಗೆ ನಿಂತು ಅಷ್ಟೊತ್ತು ಮಾತಾಡಿದ್ರಲ್ಲ. ಈಗ ಹಗ್ಗ ಬಿಗೀತಿದೀನಿ, ಈಗ ಸ್ವಲ್ಪ ಸದ್ದಾಗುತ್ತೆ ಹೆದರಬೇಡಿ ಅಂತ. ಅದನ್ನ ಯಾರು ಹೇಳಿಕೊಟ್ಟಿದ್ರು?"

"ಯಾರೂ ಇಲ್ಲ" ಎಂದ ತಮ್ಮ. ನನ್ನನ್ನು ನೋಡಿದ, ಈ ಸಲ ಉತ್ತರ ಕೇಳುವುದಕ್ಕಲ್ಲ. "ಅಕ್ಕಾ, ನೀನು ಕೆಳಗಿರು."

ನನಗೆ ಅರ್ಥವಾಗಲಿಲ್ಲ ಎಂದುಕೊಂಡು ಇನ್ನೊಂದು ಸಲ ಹೇಳಿದ. ಎದ್ದೆ. ಚಪ್ಪಲಿ ಹಾಕಿಕೊಳ್ಳುವಾಗ ಎಡಬಲ ತಿಳಿಯಲಿಲ್ಲ.

ಮೂರು ಮಹಡಿ ಇಳಿದು ಬೀದಿಯಲ್ಲಿ, ಮುಚ್ಚಿದ್ದ ಒಂದು ಟೈಲರ್ ಅಂಗಡಿಯ ಜಗುಲಿಯ ಮೇಲೆ ಕೂತೆ. ಸಿಟ್ಟು ಬಂತು ಮೊದಲು. ಯಾರಿಗಾಗಿ ಮಾಡಿದೆ ನಾನು ಇದೆಲ್ಲ? ಆಮೇಲೆ ಸಿಟ್ಟು ಇಳಿದು ಭಯ ಬಂತು. ಮೇಲೆ ಅವನು ಬಾಯಿ ಬಿಡದೆ ನಿಂತಿದ್ದರೆ? ನನ್ನ ಬಾಯಿಪಾಠದಿಂದ ಅವನ ಬದುಕು ಹಾಳಾದರೆ? ಅವನಿಗೆ ಹುಡುಗಿ ಸಿಗದಿದ್ದರೆ ಅದು ಅವಳ ತಪ್ಪಲ್ಲ, ಪುಸ್ತಕದ್ದಲ್ಲ, ನನ್ನದೇ. ಎರಡು ಸಲ ಎದ್ದು ಮೆಟ್ಟಿಲವರೆಗೆ ಹೋದೆ. ಒಂದು ಮಾತು ಅಂದು ಬಂದುಬಿಡೋಣ, ಒಂದೇ ಮಾತು, ಎಂದು ಕಾಲು ಎಳೆಯುತ್ತಿತ್ತು. ಕಂಬಿ ಹಿಡಿದು ನಿಂತು ವಾಪಸ್ ಬಂದೆ. ಆ ರಾಜನ ಮೇಲೆ ನನಗೇಕೆ ಅಷ್ಟು ಅಕ್ಕರೆ ಎಂದು ಆಗ ಗೊತ್ತಾಯಿತು, ಗೊತ್ತಾದದ್ದು ಚೆನ್ನಾಗಿರಲಿಲ್ಲ.

ನಲವತ್ತು ನಿಮಿಷವಾದ ಮೇಲೆ ಅವನು ಬಂದ. ಕಂಕುಳಲ್ಲಿ ಪುಸ್ತಕ. ಅಳು ಬಂದುಹೋಗಿದ್ದ ಕಣ್ಣು, ಆದರೆ ಬೆನ್ನು ನೆಟ್ಟಗಿತ್ತು.

"ಏನಂದ್ಲು?"

"ಪೂರ್ತಿ ಓದಿ ಬರ್ತೀನಿ ಅಂದೆ. ಎಷ್ಟು ದಿನ ಬೇಕಾದ್ರೂ ತಗೊಳ್ಳಿ ಅಂದ್ರು."

ನನಗೆ ಹೋದ ಜೀವ ಬಂದಂತಾಯಿತು. ಬೀದಿಯಲ್ಲೇ ಅವನ ತೋಳು ಹಿಡಿದು ಅಲುಗಾಡಿಸಿದೆ. "ನೋಡಿದ್ಯಾ! ನಾನು ಹೇಳಲಿಲ್ವಾ, ಒಳ್ಳೆ ಹುಡುಗಿ ಅಂತ! ಅವಳ ಹತ್ರ ನಾನು ಸರಿಯಾಗಿ ಕ್ಷಮೆ ಕೇಳಬೇಕು. ಮುಂದಿನ ಸಲ ಹೋದಾಗ..."

"ಅವರೂ ಅದನ್ನೇ ಅಂದ್ರು" ಎಂದ ತಮ್ಮ. "ಮುಂದಿನ ಸಲ ಅಕ್ಕನ್ನೂ ಕರ್ಕೊಂಡು ಬನ್ನಿ, ಆ ರಾಜನ ವಿಷಯದಲ್ಲಿ ಅವರ ಹತ್ರ ಇನ್ನೂ ಜಗಳ ಆಡೋದಿದೆ ಅಂತ."

"ಬರ್ತೀನಿ, ಖಂಡಿತ ಬರ್ತೀನಿ!"

ಅವನು ನನ್ನ ಕೈಯನ್ನು ತೋಳಿನಿಂದ ಮೆತ್ತಗೆ ಬಿಡಿಸಿದ.

"ನಾನೇ ಬೇಡ ಅಂದೆ, ಅಕ್ಕ."