ಸಿರಾದಿಂದ ಜಿದ್ದಾಕ್ಕೆ ನೇರ ವಿಮಾನ

ದೇವರು ಒಬ್ಬೊಬ್ಬರಿಗೆ ಒಂದೊಂದು ಅಳತೆ ಕೊಟ್ಟು ಭೂಮಿಗೆ ಕಳಿಸಿರುತ್ತಾನೆ. ಸಿರಾದ ಕೋಟೆ ಹಿಂದಿನ ಬೀದಿಯ ಅಫ್ಜಲುನ್ನೀಸಾಗೆ ಅವನು ಕೊಟ್ಟದ್ದು ಒಂದು ಗಂಟೆಯ ಅಳತೆ. ಬಸ್ಸಾಗಲಿ, ಕಾರಾಗಲಿ, ಒಂದು ಗಂಟೆಯ ತನಕ ಆಕೆ ಮದುವೆಮನೆಗೆ ಹೊರಟವರ ಹಾಗೆ ನಗುನಗುತ್ತಾ ಕೂತಿರುತ್ತಿದ್ದಳು. ಗಂಟೆಯ ಮೇಲೆ ಐದು ನಿಮಿಷವಾದರೆ ಮುಗಿಯಿತು. ಮುಖ ಬಿಳಿಚಿಕೊಂಡು, ಬೆಳಿಗ್ಗೆ ತಿಂದದ್ದರ ಜೊತೆಗೆ ನಿನ್ನೆ ತಿಂದದ್ದೂ ಹೊರಗೆ ಬರುತ್ತಿತ್ತು. ವಾಂತಿ ನಿಲ್ಲಲೆಂದು ಡಾಕ್ಟರು ಕೊಟ್ಟ ಮಾತ್ರೆ ಎಲ್ಲಕ್ಕಿಂತ ಮೊದಲು ಬರುತ್ತಿತ್ತು.

ಎಪ್ಪತ್ತು ದಾಟಿದ ಆ ತಾಯಿಗೆ ಉಳಿದಿದ್ದ ಆಸೆ ಒಂದೇ: ಕಣ್ಣು ಮುಚ್ಚುವ ಮೊದಲು ಉಮ್ರಾ ಯಾತ್ರೆ ಮಾಡಿ ಕಾಬಾ ನೋಡಬೇಕು. ಗಂಡ ಅಬ್ದುಲ್ ರಶೀದ್ ಹಾಸಿಗೆ ಹೊಲಿಯುವವನು. ಊರಿನವರನ್ನೆಲ್ಲ ನಲವತ್ತು ವರ್ಷ ಮೆತ್ತಗೆ ಮಲಗಿಸಿದವನಿಗೆ ಹೆಂಡತಿಯನ್ನು ದೇವನಹಳ್ಳಿಯ ವಿಮಾನ ನಿಲ್ದಾಣದವರೆಗೆ ಕೂರಿಸಿಕೊಂಡು ಹೋಗಲು ಆಗಿರಲಿಲ್ಲ. ಮಧುಗಿರಿ, ಕೊರಟಗೆರೆ, ದೊಡ್ಡಬಳ್ಳಾಪುರದ ಮೇಲೆ ಮೂರು ಗಂಟೆಯ ದಾರಿ. ಮೂರು ವರ್ಷದಲ್ಲಿ ಎರಡು ಸಲ ಹೊರಟಿದ್ದರು. ಮೊದಲನೇ ಸಲ ಮಧುಗಿರಿ ದಾಟಿ ಸ್ವಲ್ಪ ದೂರಕ್ಕೇ ವಾಪಸ್ಸು. ಎರಡನೇ ಸಲ ಕೊರಟಗೆರೆಯ ಆಸ್ಪತ್ರೆಯಲ್ಲಿ ಆಕೆಗೆ ಗ್ಲೂಕೋಸ್ ಏರುತ್ತಿದ್ದಾಗ, ಮೆಕ್ಕಾದ ದಾರಿಯ ಜಿದ್ದಾಕ್ಕೆ ಅವರು ಹತ್ತಬೇಕಾದ ವಿಮಾನ ಆಕಾಶ ಏರಿತ್ತು.

ಹೀಗಿರುವಾಗ ಸಿರಾದ ಬಳಿ ವಿಮಾನ ನಿಲ್ದಾಣ ಮಾಡಬಹುದೇ, ಮಾಡಿದರೆ ಅಲ್ಲಿಂದ ಪರದೇಶಕ್ಕೆ ವಿಮಾನ ಬಿಟ್ಟರೆ ಜನ ತುಂಬುತ್ತಾರೆಯೇ ಎಂದು ನೋಡಲು ಬೆಂಗಳೂರಿನ ಯಾವುದೋ ಕಂಪನಿಯಿಂದ ಪ್ರಸನ್ನ ಕುಮಾರ್ ಎಂಬ ಹುಡುಗಮುಖದ ಅಧಿಕಾರಿ ಬಂದ. ಕೈಯಲ್ಲಿ ಟ್ಯಾಬು, ಕೊರಳಲ್ಲಿ ಗುರುತಿನ ಚೀಟಿ, ನೆತ್ತಿಯ ಮೇಲೆ ಬಿಸಿಲು. ರಶೀದನ ಅಂಗಡಿಯ ಜಗಲಿಯಲ್ಲಿ ಕೂತು ನೀರು ಕುಡಿದು, ಬಂದ ಕೆಲಸ ಹೇಳಿದ. ರಶೀದನ ಸೂಜಿ ಅಲ್ಲೇ ನಿಂತಿತು.

"ಸಿರಾದಿಂದ್ಲೇ ಜಿದ್ದಾಕ್ಕೆ?"

"ಜನ ಇದ್ರೆ ಬಿಡ್ತಾರೆ, ಚಾಚಾ. ಅದನ್ನ ಲೆಕ್ಕ ಹಾಕೋಕೇ ನಾನು ಬಂದಿರೋದು."

ಒಳಗಿಂದ ಬಾಗಿಲ ಪರದೆ ಸರಿಯಿತು. ಅಫ್ಜಲುನ್ನೀಸಾ ಕೇಳಿದಳು, "ಊರಿಂದ ಆ ಏರ್‌ಪೋರ್ಟು ಎಷ್ಟು ದೂರ ಆಗ್ತದೆ ಬೇಟಾ?"

"ಏರ್‌ಪೋರ್ಟು ಆದ್ರೆ ಇಪ್ಪತ್ತು ನಿಮಿಷ, ಅಮ್ಮ."

ಪರದೆ ಮತ್ತೆ ಮುಚ್ಚಿತು. ಅದರ ಹಿಂದೆ ಆಕೆ ಎರಡೂ ಕೈ ಎತ್ತಿ ದುವಾ ಮಾಡುತ್ತಿದ್ದದ್ದು ಹೊರಗಿನವರಿಗೆ ಕಾಣಲಿಲ್ಲ. ಕಾಣಬೇಕಾದವನಿಗೆ ಕಂಡಿರಬೇಕು.

ಈಗ ಆ ಬೀದಿಯ ಒಂದು ಪದ್ಧತಿ ಹೇಳಬೇಕು. ಅಲ್ಲಿಂದ ಯಾರೇ ಪರದೇಶಕ್ಕೆ ಹೊರಡಲಿ, ಯಾತ್ರೆಗೋ ದುಬೈ ಕೆಲಸಕ್ಕೋ, ಕಳಿಸಿಕೊಡಲು ಬೀದಿಗೆ ಬೀದಿಯೇ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. ಸಾಬರ ಮನೆಯವರು, ಗೌಡರ ಮನೆಯವರು, ಕುಂಚಿಟಿಗರು, ನಾಯಕರು ಎಂಬ ಭೇದವಿಲ್ಲ. ಪಾಲಣ್ಣನ ಟೆಂಪೊ ತುಂಬುತ್ತದೆ, ಹಿಂದೆ ಇನ್ನೆರಡು ಗಾಡಿ. ಹೂವಾಡಗಿತ್ತಿ ಪುಟ್ಟಕ್ಕ ಮಾರು ಮಾರು ಕನಕಾಂಬರ ಕಟ್ಟಿಕೊಂಡು ಮುಂದಿನ ಸೀಟಿನಲ್ಲಿ ಕೂರುತ್ತಾಳೆ. ಚಿತ್ರಾನ್ನದ ಪಾತ್ರೆ ಕಾಲಡಿಯಲ್ಲಿ. ಒಬ್ಬರು ಹೊರಟರೆ ಕಳಿಸುವವರು ಐವತ್ತು ಜನ, ಅವರು ಮರಳಿದಾಗ ಕರೆತರುವವರು ಅರವತ್ತು. ಕಳಿಸಲು ಹೋದವರಿಗೆ ಯಾತ್ರೆಯಿಂದ ತಂದ ಖರ್ಜೂರ, ಮೆಕ್ಕಾದ ಪವಿತ್ರ ಜಂಜಂ ನೀರು ಎರಡೂ ಸಿಗುತ್ತವೆ. ಮನೆಯಲ್ಲೇ ಉಳಿದವರಿಗೆ ಬರೀ ಖರ್ಜೂರ, ಅದೂ ಸಣ್ಣದು.

ಪ್ರಸನ್ನ ಕುಮಾರನಿಗೆ ಇದು ಹೇಗೆ ಗೊತ್ತಾಗಬೇಕು? ಅವನ ಟ್ಯಾಬಿಗೂ ಗೊತ್ತಿರಲಿಲ್ಲ. ಅದರ ಮೊದಲ ಪ್ರಶ್ನೆಯೇ, ಕಳೆದ ವರ್ಷ ನೀವು ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಎಷ್ಟು ಸಲ ಹೋಗಿದ್ದೀರಿ, ಎಂದು.

ಪುಟ್ಟಕ್ಕ ಬೆರಳು ಮಡಿಚಿ ಎಣಿಸಿದಳು. "ಹದಿನಾಲ್ಕು ಸಲ ಕಣಪ್ಪ. ಇರು, ಇರು, ಯುಗಾದಿ ಮಾರನೇ ದಿನ ಒಂದ್ಸಲ ಹೋಗಿದ್ದೆ. ಹದಿನೈದು ಬರ್ಕೊ."

ಪ್ರಸನ್ನ ಕುಮಾರ್ ಆಕೆಯ ಬರಿಗಾಲನ್ನೂ ಮಂಕರಿಯನ್ನೂ ನೋಡಿದ. "ಹದಿನೈದಾ! ಯಾವ ಉದ್ದೇಶಕ್ಕೆ ಅಮ್ಮ? ವ್ಯಾಪಾರ, ಪ್ರವಾಸ, ಓದು, ಯಾತ್ರೆ. ಇಷ್ಟೇ ಇರೋದು ಇದ್ರಲ್ಲಿ."

"ಪುಣ್ಯ ಬರ್ಲಿ ಅಂತ ಹೋಯ್ತೀವಪ್ಪ. ಇನ್ಯಾಕೆ?"

ಅವನು ಯಾತ್ರೆ ಎಂಬುದನ್ನು ಒತ್ತಿದ. ಪಾಲಣ್ಣ ಇಪ್ಪತ್ತೆರಡು ಅಂದ. ಅವನ ಹೆಂಡತಿ ಎಂಟು. ಎದುರು ಮನೆಯ ಅಜ್ಜಿ ಆರು, "ಮಂಡಿನೋವು ಬಂದ್ಮೇಲೆ ಕಮ್ಮಿ ಮಾಡ್ಬುಟ್ಟಿವ್ನಿ" ಎಂದು ಕ್ಷಮೆ ಕೇಳುವವಳ ಹಾಗೆ ಹೇಳಿದಳು. ಒಬ್ಬರೂ ಸುಳ್ಳಾಡಲಿಲ್ಲ. ಸಂಜೆ ಹೊತ್ತಿಗೆ ಆ ಬೀದಿಯ ಜನ ತಲೆಗೆ ಒಂಬತ್ತು ಸಲ ಪರದೇಶ ಸುತ್ತುವವರೆಂದು ಟ್ಯಾಬು ತೀರ್ಮಾನಿಸಿತು.

ಅವನು ಹೋದ ಮೇಲೆ ಪುಟ್ಟಕ್ಕ ಬಂದು ತಾನು ಹೇಳಿದ್ದನ್ನು ರಶೀದನಿಗೆ ವರದಿ ಒಪ್ಪಿಸಿದಳು. ರಶೀದ್ ಸೂಜಿ ಕೆಳಗಿಟ್ಟು ಎದ್ದ. ಪಾಲಣ್ಣನನ್ನು ಟೆಂಪೊ ಹಿಂದಕ್ಕೆ ಎಳೆದುಕೊಂಡು ಹೋದ.

"ಅಲ್ಲ ಪಾಲಣ್ಣ, ಆ ಹುಡುಗ ನಿಮ್ಮನ್ನೆಲ್ಲ ವಿಮಾನ ಹತ್ತೋರು ಅಂತ ಬರ್ಕೊಂಡೋಗವ್ನೆ!"

"ಬರ್ಕೊಳ್ಳಿ ಬುಡು. ಎಷ್ಟು ಸಲ ಹೋಗಿದ್ದೀರಿ ಅಂದ, ಹೇಳಿದ್ವಿ. ಹತ್ತಿದ್ರಾ ಅಂತ ಕೇಳಿದ್ನಾ?"

"ತಪ್ಪಾಗ್ತದಲ್ಲಪ್ಪ."

"ರಶೀದಣ್ಣ, ಅಕ್ಕ ಮೆಕ್ಕಾ ನೋಡ್ಬೇಕೋ ಬ್ಯಾಡ್ವೋ? ಬೇಕಾದ್ರೆ ಬಾಯಿ ಹೊಲ್ಕೊ. ಸೂಜಿ ನಿನ್ ತಾವೇ ಐತೆ."

ರಶೀದ್ ಬಾಯಿ ಹೊಲಿದುಕೊಂಡ. ಆದರೆ ಅಂದಿನಿಂದ ಅವನ ಹಾಸಿಗೆಗಳ ಹೊಲಿಗೆ ಮಾತ್ರ ಓರೆಯಾಗತೊಡಗಿತು. ಅಫ್ಜಲುನ್ನೀಸಾ ಏನೂ ಅರಿಯದೆ ಯಾತ್ರೆಯ ಬಟ್ಟೆಗಳನ್ನು ಒಗೆದು, ಒಣಗಿಸಿ, ಮಡಿಚಿ, ಮತ್ತೆ ಒಗೆದಳು.

ತಿಂಗಳೊಪ್ಪತ್ತು ಕಳೆದು ಕಂಪನಿಯ ದೊಡ್ಡ ಸಾಹೇಬರೇ ಬಂದರು. ಅಂಕಿ ನೋಡಿ ನಂಬಲಾರದೆ, ಕಣ್ಣಾರೆ ಕಾಣಲು ಬಂದಿದ್ದರು. ಶಾದಿಮಹಲ್‌ನಲ್ಲಿ ಸಭೆ. ಸುದ್ದಿ ಸುತ್ತಲ ತಾಲ್ಲೂಕಿಗೂ ಹಬ್ಬಿ, ಪಾವಗಡದ ಕಡೆಯ ಕ್ಯಾತಗಾನಚೆರ್ಲಿನಿಂದ ಕದರಪ್ಪ ಎಂಬುವರು ಬಂದು ಮುಂದಿನ ಸಾಲಿನಲ್ಲೇ ಕೂತರು. ಅವರ ಹೊಲವೆಲ್ಲ ಸೋಲಾರು ವಿದ್ಯುತ್ತಿನ ಕಂಪನಿಗೆ ಗುತ್ತಿಗೆ ಹೋಗಿದ್ದರಿಂದ ಸಭೆಗಳಿಗೆ ಹೋಗಲು ಅವರಿಗೆ ಪುರುಸೊತ್ತಿತ್ತು.

"ಸಾರ್, ಏರ್‌ಪೋರ್ಟು ಮಾ ಊರಿಗೆ ಹಾಕ್ರಿ," ಎಂದರು ಕದರಪ್ಪ ಎದ್ದು ನಿಂತು, ತೆಲುಗು ಬೆರೆತ ಕನ್ನಡದಲ್ಲಿ. "ಮಾ ಕಡೆ ಮೋಡನೇ ಲೇದು. ವಿಮಾನಕ್ಕೆ ಅಡ್ಡ ಬರೋಕೆ ಆಕಾಶದಾಗೆ ಏಮೀ ಇಲ್ಲ."

"ಸೋಲಾರು ಮಿಂಚೋದು ನೋಡಿ ಕೆರೆ ಅಂದ್ಕಂಡು ಪೈಲಟ್ಟು ಇಳಿಸ್ಬುಟ್ರೆ ಏನ್ ಗತಿ?" ಎಂದ ಪಾಲಣ್ಣ.

"ಮಾ ಊರಾಗೆ ಕೆರೆ ನೀರು ನೋಡೇ ಎಷ್ಟೋ ವರ್ಷ ಆಯ್ತು. ಆಯಪ್ಪ ಆದ್ರೂ ನೋಡ್ಲಿ ಬುಡಯ್ಯಾ."

ನಗು ಇಳಿದ ಮೇಲೆ ದೊಡ್ಡ ಸಾಹೇಬರು ಕಾಗದ ತೆಗೆದರು. "ಈ ಬೀದಿಯೊಂದರಲ್ಲೇ ಒಬ್ಬೊಬ್ಬರು ವರ್ಷಕ್ಕೆ ಸರಾಸರಿ ಒಂಬತ್ತು ಸಲ ಪರದೇಶ ಪ್ರಯಾಣ ಮಾಡ್ತಾರೆ. ಇದು ನಿಜವಾದ್ರೆ ವಾರಕ್ಕೆ ಎರಡು ವಿಮಾನ ಖಂಡಿತ ತುಂಬ್ತವೆ. ನಾವು ಸರ್ಕಾರಕ್ಕೆ ಬರೀತೀವಿ, ಇಲ್ಲಿ ನಿಲ್ದಾಣ ಬೇಕು ಅಂತ."

ಚಪ್ಪಾಳೆ ಬಿತ್ತು. ರಶೀದ್ ತಲೆ ತಗ್ಗಿಸಿದ. ಹೆಂಗಸರ ಸಾಲಿನಲ್ಲಿ ಅಫ್ಜಲುನ್ನೀಸಾ ಗಂಡನ ತಗ್ಗಿದ ತಲೆ ನೋಡಿದಳು. ಪಾಲಣ್ಣನ ನಗು ನೋಡಿದಳು. ಪಕ್ಕದಲ್ಲಿ ಕೂತಿದ್ದ ಪುಟ್ಟಕ್ಕನನ್ನು ಮೆಲ್ಲಗೆ ಕೇಳಿದಳು, "ನೀನು ಎಷ್ಟು ಅಂತ ಬರೆಸಿದೆ?"

"ಹದಿನೈದು ಕಣಕ್ಕ."

ಅಫ್ಜಲುನ್ನೀಸಾ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಳು. ಆ ಸ್ವಲ್ಪ ಹೊತ್ತಿನಲ್ಲಿ ಏನು ಮಾತಾಯಿತೋ, ಅದು ಅವಳಿಗೂ ದೇವರಿಗೂ ಸೇರಿದ್ದು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಸಾಹೇಬ್ರೇ, ಇವ್ರು ಯಾರೂ ವಿಮಾನ ಹತ್ತೋರಲ್ಲ. ಕಳಿಸೋಕೆ ಬರೋರು."

ದೊಡ್ಡ ಸಾಹೇಬರು ಕಾಗದ ಕೆಳಗಿಟ್ಟರು.

"ಕಳಿಸೋಕಾ?" ಎಂದರು ಸಾಹೇಬರು.

"ಹೌದು. ಹೂವು ಹಾಕಿ, ಅತ್ತು, ಚಿತ್ರಾನ್ನ ತಿಂದು ವಾಪಸ್ ಬರ್ತಾರೆ. ದುಬೈಲಿರೋರ್ನ ಬಿಟ್ರೆ ನಮ್ಮ ಬೀದಿಲಿ ಪಾಸ್‌ಪೋರ್ಟ್ ಇರೋರು ಏಳೇ ಜನ. ಅದ್ರಲ್ಲಿ ನಾವಿಬ್ರು."

ಪ್ರಸನ್ನ ಕುಮಾರ್ ಟ್ಯಾಬನ್ನು ತಿರುವಿ ಹಿಡಿದು ನೋಡಿದ, ತಪ್ಪು ಅದರ ಬೆನ್ನಲ್ಲಿದೆಯೇನೋ ಎಂಬಂತೆ. ಪಾಲಣ್ಣ ಕೊನೆಯ ಪ್ರಯತ್ನ ಮಾಡಿದ. "ಸಾ, ಏಳು ಜನ ಕೂತ್ಕಂಡು ಹೋಗ್ಲಿ. ಮಿಕ್ಕಿದ್ ಸೀಟಲ್ಲಿ ನಾವು ವಿಮಾನ ನೆಲದ ಮೇಲೆ ತಿರುಗೋ ಗಂಟ ಕೂತಿದ್ದು ಇಳ್ಕತೀವಿ. ನೋಡೋರಿಗೆ ತುಂಬಿದಂಗೆ ಕಾಣ್ತದೆ."

ಸಾಹೇಬರು ನಗು ತಡೆದುಕೊಂಡು, ಏಳು ಜನರಿಗಾಗಿ ನೂರೆಂಬತ್ತು ಸೀಟಿನ ವಿಮಾನ ಹಾರುವುದಿಲ್ಲ, ಇಂಥ ಸಣ್ಣ ಊರುಗಳಿಗೆ ಬಂದ ವಿಮಾನಗಳೂ ಎಷ್ಟೋ ಕಡೆ ಖಾಲಿ ಹಾರಿ ನಿಂತುಹೋಗಿವೆ ಎಂದು ತಾಳ್ಮೆಯಿಂದ ಹೇಳಿ, ಅಫ್ಜಲುನ್ನೀಸಾಗೆ ಕೈಮುಗಿದು ಕಾರು ಹತ್ತಿದರು.

ಬೀದಿಯವರು ರಶೀದನ ಜಗಲಿಯಲ್ಲಿ ಸೇರಿದರು. ಪಾಲಣ್ಣನಿಗೆ ಸಿಟ್ಟು.

"ಇದೇನಕ್ಕ ನೀನು! ಬಾಯಿಗೆ ಬಂದಿದ್ ತುತ್ತನ್ನ ಉಗ್ದುಬುಟ್ಟೆ."

"ನಿಯತ್ತಿಲ್ದೆ ಹತ್ತಿದ ವಿಮಾನ ನನ್ನ ಎಲ್ಲಿಗೆ ಇಳಿಸ್ತಿತ್ತು ಪಾಲಣ್ಣ? ಹಣೆಬರಹದಲ್ಲಿ ಅಲ್ಲಾ ಒಂದು ಗಂಟೆ ಬರೆದವ್ನೆ. ಒಂದು ಗಂಟೇಲಿ ಮಧುಗಿರಿ ಸಿಗ್ತದೆ, ಮಕ್ಕಾ ಸಿಗಲ್ಲ." ಆಕೆ ನಗಲು ನೋಡಿದಳು. ಆಗಲಿಲ್ಲ.

ಅದನ್ನು ನೋಡಲಾರದೆ ಪುಟ್ಟಕ್ಕ ಹೂವಿನ ಎಸಳು ಕೀಳುತ್ತಾ ಕೂತಿದ್ದಳು. ಇದ್ದಕ್ಕಿದ್ದ ಹಾಗೆ ಕೈ ನಿಲ್ಲಿಸಿದಳು. "ಮಧುಗಿರಿ ಗಂಟ ಆರಾಮಾಗಿ ಹೋಯ್ತಿಯಲ್ಲಕ್ಕ? ಅಲ್ಲೇ ಇಳ್ಕೊ."

"ಇಳ್ಕೊಂಡು?"

"ಮಲಗು. ಮಾರನೇ ದಿನ ಕೊರಟಗೆರೆ. ಅಲ್ಲಿ ನಮ್ಮಕ್ಕನ ಮಗಳು ಧನಲಕ್ಷ್ಮಿ ಅವ್ಳೆ, ಮಲಗು. ಆಮೇಲೆ ದೊಡ್ಡಬಳ್ಳಾಪುರ. ಹಿಂದಿನೋರು ಕಾಶಿಗೆ ಹೋಗ್ತಿದ್ದಿದ್ದು ಇನ್ಹೆಂಗೆ? ಒಂದೇ ದಿನಕ್ಕೆ ಹೋಗಿ ಬರ್ತಿದ್ರಾ?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ವರ್ಷ ಇದು ಯಾರಿಗೂ ಹೊಳೆದಿರಲಿಲ್ಲ. ಹೊಳೆಯದಿರಲು ಕಾರಣವೂ ಇತ್ತು. ಅವರ ಪದ್ಧತಿಯಲ್ಲಿ ಕಳಿಸಲು ಹೋಗುವುದು ಐವತ್ತು ಜನ. ಐವತ್ತು ಜನರನ್ನು ಕಟ್ಟಿಕೊಂಡು ದಾರಿಯಲ್ಲಿ ಯಾರ ಮನೆಯ ಬಾಗಿಲು ತಟ್ಟುವುದು? ಅದಕ್ಕೇ ಬೆಳಿಗ್ಗೆ ಹೋಗಿ ರಾತ್ರಿಯೊಳಗೆ ವಾಪಸ್ಸು.

ಚರ್ಚೆ ಬಹಳ ಹೊತ್ತು ನಡೆಯಿತು. ಬೀದಿಯವರು ಮಧುಗಿರಿಯವರೆಗೆ ಮಾತ್ರ ಬಂದು ಹಿಂದಿರುಗುವುದು, ಮುಂದೆ ಆಯಾ ಊರಿನವರು ಕಳಿಸಿಕೊಡುವುದು ಎಂದಾಯಿತು. ಎದುರು ಮನೆಯ ಅಜ್ಜಿ ಮಾತ್ರ ಒಂದು ಸಂದೇಹ ಎತ್ತಿದಳು, "ಅರ್ಧ ದಾರಿ ಕಳಿಸಿದೋರಿಗೆ ಜಂಜಂ ನೀರು ಐತೋ ಇಲ್ವೋ?" ಐತೆ ಎಂದು ರಶೀದ್ ಎಲ್ಲರ ಮುಂದೆ ಮಾತು ಕೊಟ್ಟ.

ಮುಂದಿನ ತಿಂಗಳ ಒಂದು ಸೋಮವಾರ ಹೊರಟರು. ಗುರುವಾರ ಮಧ್ಯಾಹ್ನಕ್ಕೆ ವಿಮಾನ. ಸೋಮವಾರ ಮಧುಗಿರಿ ಬೆಟ್ಟ ಕಂಡಾಗ ಗಡಿಯಾರದಲ್ಲಿ ಐವತ್ತೆಂಟು ನಿಮಿಷವಾಗಿತ್ತು. ರಶೀದನ ಸೋದರಮಾವನ ಮಗನ ಮನೆ. ಕಳಿಸಲು ಬಂದವರೆಲ್ಲ ಅಲ್ಲೇ ಅತ್ತು, ಅಲ್ಲೇ ಉಂಡು, ಅಳು ಇಷ್ಟು ಬೇಗ ಮುಗಿದದ್ದಕ್ಕೆ ಏನೋ ಸಾಲದೆ ಹೋದವರ ಹಾಗೆ ಇನ್ನೊಂದು ಸುತ್ತು ಅತ್ತು ಹಿಂದಿರುಗಿದರು. ಟೆಂಪೊ ಓಡಿಸಲು ಪಾಲಣ್ಣ, ಹೂವು ಹಾಕಲು ಪುಟ್ಟಕ್ಕ, ಇಬ್ಬರೇ ಉಳಿದರು.

ಮಂಗಳವಾರ ಕೊರಟಗೆರೆ. ಧನಲಕ್ಷ್ಮಿ ಇವರಿಗಾಗಿ ದೇವರ ಕೋಣೆಯ ಪಕ್ಕದ ಕೋಣೆ ಗುಡಿಸಿ, ಒರೆಸಿ, ನಮಾಜಿಗೆ ಪಡುವಣ ಯಾವ ಗೋಡೆಯೆಂದು ಮೊಬೈಲಿನಲ್ಲಿ ನೋಡಿ ಗೊತ್ತುಮಾಡಿ ಇಟ್ಟಿದ್ದಳು. ಸಂಜೆ ಈ ಕೋಣೆಯಲ್ಲಿ ನಮಾಜು, ಆ ಕೋಣೆಯಲ್ಲಿ ದೀಪ. ಬುಧವಾರ ಹೊರಡುವಾಗ ಆ ಬೀದಿಯವರೂ ಬಾಗಿಲಿಗೆ ಬಂದು, ಗುರುತಿಲ್ಲದ ಅಜ್ಜಿಗಾಗಿ ಕಣ್ಣೊರೆಸಿಕೊಂಡರು. ದೊಡ್ಡಬಳ್ಳಾಪುರದ ದಾರಿ ಗಂಟೆಯ ಅಳತೆಯನ್ನು ಸ್ವಲ್ಪ ಮೀರುವುದರಿಂದ ಪಾಲಣ್ಣ ನಡುವೆ ಒಂದು ಹುಣಸೆ ಮರದಡಿ ಟೆಂಪೊ ನಿಲ್ಲಿಸಿದ. ಆಕೆ ಕಾಲು ಗಂಟೆ ಅಡ್ಡಾಡಿ ಬಂದಳು. ದೊಡ್ಡಬಳ್ಳಾಪುರದಲ್ಲಿ, ರಶೀದ್ ಹಾಸಿಗೆಗೆ ಹತ್ತಿ ತರುತ್ತಿದ್ದ ಮಂಡಿಯವರ ಮನೆಯಲ್ಲಿ ಆ ರಾತ್ರಿ ಕಳೆಯಿತು.

ಗುರುವಾರ ದೇವನಹಳ್ಳಿ. ಎರಡು ಸಲ ತಪ್ಪಿದ ಬಾಗಿಲ ಮುಂದೆ ಅಫ್ಜಲುನ್ನೀಸಾ ತನ್ನ ಕಾಲ ಮೇಲೆ ನಿಂತಿದ್ದಳು. ಟಿಕೆಟ್ ನೋಡುತ್ತಿದ್ದ ಕಾವಲಿನವನು ಕೇಳಿದ, "ಎಲ್ಲಿಂದ ಬಂದ್ರಿ ಅಮ್ಮ?"

"ಸಿರಾದಿಂದ. ಹೊರಟು ನಾಲ್ಕು ದಿನ ಆಯ್ತು."

"ನಾಲ್ಕು ದಿನಾನ?" ಅವನು ಆಕೆಯ ಮುಖ ನೋಡಿ, ತಮಾಷೆಯಲ್ಲವೆಂದು ತಿಳಿದು, ಮೃದುವಾಗಿ ಹೇಳಿದ, "ಇನ್ನೇನು ಐದೂವರೆ ಗಂಟೆ ಅಷ್ಟೇ, ಕಣ್ಮುಚ್ಚಿ ಬಿಡೋದ್ರಲ್ಲಿ ಜಿದ್ದಾ."

ಪುಟ್ಟಕ್ಕನ ಕೈಯಲ್ಲಿದ್ದ ಹಾರ ಅಲ್ಲೇ ನಿಂತಿತು. ಪಾಲಣ್ಣ ಬಾಯಿ ತೆರೆದ. ರಶೀದ್ ಟಿಕೆಟ್ಟಿನ ಮೇಲಿನ ಸಮಯ ಹುಡುಕಿದ. ಮೂರು ವರ್ಷ ರಸ್ತೆಯ ಗಂಟೆಗಳನ್ನು ಎಣಿಸಿದವರಲ್ಲಿ ಒಬ್ಬರೂ ವಿಮಾನದ ಗಂಟೆಗಳನ್ನು ಎಣಿಸಿರಲಿಲ್ಲ.

"ಅಯ್ಯೋ ಅಕ್ಕ," ಎಂದಳು ಪುಟ್ಟಕ್ಕ, "ಅಲ್ಲಿ ಹುಣಸೆ ಮರ ಎಲ್ಲಿ ಬರ್ತದೆ?"

"ಭೂಮಿ ಮೇಲಿನ ದಾರಿನ ಅಲ್ಲಾ ನಿಮಗೆ ವಹಿಸಿದ್ದ, ಮುಗಿಸಿಕೊಟ್ರಿ," ಎಂದಳು ಅಫ್ಜಲುನ್ನೀಸಾ, ಹಾರಕ್ಕೆ ತಾನೇ ತಲೆ ಬಗ್ಗಿಸಿ. "ಮೇಲಿನದನ್ನ ಅವನೇ ನೋಡ್ಕೋತಾನೆ. ನೀವು ಊಟ ಮಾಡ್ಕೊಂಡು ಹೋಗಿ."

ವಿಮಾನ ನೆಲ ಬಿಡುವ ಮೊದಲೇ ಆಕೆ ಬಿಸ್ಮಿಲ್ಲಾ ಎಂದು ಕಣ್ಣು ಮುಚ್ಚಿದಳು. ನಾಲ್ಕು ದಿನದ ದಣಿವು, ಗಾಢ ನಿದ್ದೆ. ಅರಬ್ಬೀ ಸಮುದ್ರದ ಮೇಲೆ ಪಕ್ಕದ ಸೀಟಿನಿಂದ ಬಂದ ವಿಚಿತ್ರ ಸದ್ದಿಗೆ ಎಚ್ಚರವಾಯಿತು. ರಶೀದ್ ಕಾಗದದ ಚೀಲದೊಳಕ್ಕೆ ಮುಖವಿಟ್ಟಿದ್ದ. ಅದು ಮೂರನೆಯ ಚೀಲ. ಆಕೆ ಸೆರಗಿನಿಂದ ಅವನ ಹಣೆ ಒರೆಸಿ, ಬೆನ್ನು ನೀವುತ್ತಾ, ಇನ್ನು ಸ್ವಲ್ಪವೇ ದೂರವೆಂದು ಹೇಳತೊಡಗಿದಳು.