ಜುಂಜಮ್ಮನ ಬಾಯಾರಿಕೆ

ಕೆರೆ ಒಡೆದ ಮೂರನೆಯ ದಿನ ಯತ್ತಪ್ಪನ ಕುರಿಗಳಿಗೆ ಭೇದಿ ಹತ್ತಿತು, ನಾಲ್ಕನೆಯ ದಿನ ಅವನ ತಾಯಿಗೆ. ಎರಡನ್ನೂ ಹೀಗೆ ಒಂದೇ ಉಸಿರಿನಲ್ಲಿ ಹೇಳಬಾರದೇನೋ. ಆದರೆ ಯತ್ತಪ್ಪನ ತಲೆಯೊಳಗೆ ಅವೆರಡೂ ಒಂದೇ ಬೇನೆಯಾಗಿ ಕೂತುಬಿಟ್ಟವು. ಆಮೇಲೆ ನಡೆದದ್ದೆಲ್ಲ ಅದರಿಂದಲೇ.

ಮಿಡಿಗೇಶಿ ದುರ್ಗದ ನೆತ್ತಿ ಎಂಟು ದಿನದಿಂದ ಮೋಡ ಬಿಟ್ಟು ಹೊರಗೆ ಬಂದಿರಲಿಲ್ಲ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂದು ಹಟ್ಟಿಯ ಯಜಮಾನ ಮಾರಣ್ಣನ ರೇಡಿಯೊ ದಿನಾ ಹೇಳುತ್ತಿತ್ತು. ಕೊಲ್ಲಿ ಎಲ್ಲೋ, ನಮ್ಮ ಹಟ್ಟಿ ಎಲ್ಲೋ ಎಂದು ನಗುತ್ತಿದ್ದವರು ಒಂಬತ್ತನೆಯ ಬೆಳಿಗ್ಗೆ ನಗುವುದನ್ನು ನಿಲ್ಲಿಸಿದರು. ಮೇಲಿನ ಕೆರೆಯ ಏರಿ ಕಿತ್ತುಕೊಂಡು, ಕೆಂಪು ನೀರು ಹೊಲ, ಹಳ್ಳ, ದಾರಿ ಯಾವುದನ್ನೂ ಬೇರೆ ಎಂದು ನೋಡದೆ ಬಂತು. ಹಟ್ಟಿ ದಿಣ್ಣೆಯ ಮೇಲಿದ್ದುದರಿಂದ ನೀರು ಸುತ್ತಲಿನ ಮುಳ್ಳುಬೇಲಿಯ ಬುಡಕ್ಕೆ ಬಂದು ನಿಂತಿತು. ಕೆಳಗೆ ಕುರಿ ಕೂಡುತ್ತಿದ್ದ ರೊಪ್ಪಗಳೆಲ್ಲ ಹೋದವು. ಯತ್ತಪ್ಪನ ತೊಂಬತ್ತು ಕುರಿಗಳಲ್ಲಿ ಉಳಿದದ್ದು ಮೂವತ್ತೊಂದು. ಬಾವಿ ಕಂಠದವರೆಗೆ ಕೆಸರು ತುಂಬಿಕೊಂಡಿತು. ಮನುಷ್ಯರ ಜೀವ ಒಂದೂ ಹೋಗಲಿಲ್ಲವೆಂದು ಗುಡಿಯ ಮುಂದೆ ಕೈಮುಗಿದು, ಜನ ಗುಂಡಿಗಳಲ್ಲಿ ನಿಂತ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದರು.

ಎರಡೇ ದಿನದಲ್ಲಿ ಹಟ್ಟಿಗೆ ವಾಂತಿಭೇದಿ ಬಂತು. ಗಟ್ಟಿಮುಟ್ಟಾದವರು ಒಂದು ದಿನ ಬೇಲಿಯಾಚೆಗೆ ಓಡಾಡಿ ಸುಧಾರಿಸಿಕೊಂಡರು. ಮಲಗಿದವರು ಒಂಬತ್ತು ಜನ. ಒಂಬತ್ತೂ ಹಳೆಯ ಜೀವಗಳು.

ಕೆರೆ ಒಡೆದ ಐದನೆಯ ಬೆಳಿಗ್ಗೆ ನರ್ಸು ನರಸಿಂಹಮ್ಮ ಬಂದಳು. ಹಳ್ಳಕ್ಕೆ ಅಡ್ಡ ಹಗ್ಗ ಕಟ್ಟಿಸಿ, ಔಷಧಿ ಚೀಲವನ್ನು ತಲೆಯ ಮೇಲಿಟ್ಟುಕೊಂಡು, ಎದೆಮಟ್ಟ ನೀರು ದಾಟಿ ಬಂದಿದ್ದಳು. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಹಟ್ಟಿಯ ರೀತಿ ಗೊತ್ತಿದ್ದವಳಾದ್ದರಿಂದ ಚಪ್ಪಲಿಯನ್ನು ಬೇಲಿಯ ಹೊರಗೇ ಬಿಟ್ಟಳು.

ಯತ್ತಪ್ಪನ ತಾಯಿ ಜುಂಜಮ್ಮ ಗುಡಿಸಲ ಜಗುಲಿಯ ಮೇಲೆ ಕಂಬಳಿ ಹೊದ್ದು ಮಲಗಿದ್ದಳು.

"ಅಜ್ಜೀ, ವಯಸ್ಸೆಷ್ಟು?"

"ನಿಂಗೆ ತೋಚಿದ್ದು ಬರ್ಕೋ ತಾಯಿ. ಮೊನ್ನೆ ಜನಗಣತಿ ಮೇಷ್ಟ್ರು ಬಂದು ಎಪ್ಪತ್ತು ಅಂತ ಬರ್ಕೊಂಡು ಹೋದ. ಅವರಪ್ಪನ ಮದ್ವೆಗೆ ನಾನು ಬಿಂದಿಗೆ ಹಾಲು ಹೊತ್ತವ್ಳು. ನಂಗೇ ಲೆಕ್ಕ ಹೇಳ್ತಾನೆ!"

ನರಸಿಂಹಮ್ಮ ನಕ್ಕಳು. ನಗುತ್ತಲೇ ಮುದುಕಿಯ ಮುಂಗೈ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟಳು. ಚರ್ಮ ವಾಪಸು ಹೋಗಲಿಲ್ಲ, ಎತ್ತಿದ ಹಾಗೇ ನಿಂತಿತು. ಅವಳ ನಗೆಯೂ ನಿಂತಿತು. ಚೀಲದಿಂದ ಎರಡು ಪುಡಿಯ ಪೊಟ್ಟಣ ತೆಗೆದು ಯತ್ತಪ್ಪನ ಕೈಗಿಟ್ಟಳು.

"ಕಾಯ್ಸಿ ಆರಿಸಿದ ನೀರು, ಐದು ಲೋಟಕ್ಕೆ ಒಂದು ಪೊಟ್ಟಣ. ಗುಟುಕು ಗುಟುಕಾಗಿ ಕುಡಿಸ್ತಾನೇ ಇರ್ಬೇಕು. ವಾಂತಿ ಆದ್ರೂ ಬಿಡಬಾರ್ದು. ಮುಗಿದ್ರೆ ಗಂಜಿಗೆ ಉಪ್ಪು ಹಾಕಿ ಕೊಡಿ. ಹೋದಷ್ಟು ನೀರು ಒಳಕ್ಕೆ ಬರ್ಬೇಕು, ಅಷ್ಟೇ. ಕೈಮೀರಿದ್ರೆ ಹೊತ್ಕೊಂಡು ಮಿಡಿಗೇಶಿ ಶಾಲೆಗೆ ತನ್ನಿ, ಅಲ್ಲಿ ಬಾಟ್ಲಿ ಏರಿಸ್ತಾರೆ."

"ಅಲ್ಲ ಕಣಮ್ಮ," ಎಂದ ಯತ್ತಪ್ಪ, "ಒಡೆದಿರೋ ಕೆರೆಗೆ ಇನ್ನೂ ನೀರು ಬುಡು ಅಂತೀಯಲ್ಲ?"

ಸುತ್ತ ನಿಂತವರು ಗೊಳ್ಳೆಂದರು. ಕೆರೆ ಒಡೆದ ಮೇಲೆ ಹಟ್ಟಿ ನಕ್ಕದ್ದು ಅದೇ ಮೊದಲು.

"ಕೆರೆ ಅಲ್ಲ ಯಜಮಾನ್ರೇ, ಇವರು ಮನುಷ್ಯರು," ಎಂದಳು ನರಸಿಂಹಮ್ಮ. ವಾದಕ್ಕೆ ಅವಳಿಗೆ ಪುರುಸೊತ್ತಿರಲಿಲ್ಲ. ಒಂಬತ್ತು ಜನಕ್ಕೂ ಎರಡೆರಡು ಪೊಟ್ಟಣ ಕೊಟ್ಟು, ನಾಡಿದ್ದು ಬೆಳಿಗ್ಗೆ ಬರುತ್ತೇನೆಂದು ಹೇಳಿ, ಇನ್ನೂ ಮೂರು ಊರು ನೋಡಬೇಕೆಂದು ಹಗ್ಗ ಹಿಡಿದು ಹಳ್ಳಕ್ಕಿಳಿದಳು.

ಅವಳು ಮರೆಯಾದ ಮೇಲೆ ಎಲ್ಲರ ಕಣ್ಣು ಯತ್ತಪ್ಪನ ಕಡೆ ತಿರುಗಿತು. ತಿರುಗದೆ ಇನ್ನೇನು? ಪಾವಗಡದ ಕಡೆಯಿಂದಲೂ ಅವನ ಹತ್ತಿರ ಕುರಿ ಹೊಡೆದುಕೊಂಡು ಬರುತ್ತಿದ್ದರು. ದನದಾಸ್ಪತ್ರೆಯ ಕಾಂಪೌಂಡರೇ ಒಮ್ಮೆ ಸೈಕಲ್ ಒರಗಿಸಿ, ಕುರಿ ಯಾಕೆ ತಲೆ ಸುತ್ತಿ ಬೀಳ್ತಾವೆ ಯತ್ತಪ್ಪ ಎಂದು ಕೇಳಿ ಹೋಗಿದ್ದ. ನಲವತ್ತು ವರ್ಷ ಅವನು ಕರುಳುಗಳನ್ನು ನೋಡಿದ್ದ. ಯಾವ ಕರುಳು ಯಾವ ಬಣ್ಣಕ್ಕೆ ತಿರುಗಿದರೆ ಏನು ಎಂಬುದು ಅವನ ಬೆರಳಿಗೆ ಗೊತ್ತಿತ್ತು. ಮಳೆಯಲ್ಲಿ ಎಳೆ ಹುಲ್ಲು ತಿಂದು ಭೇದಿ ಹತ್ತಿದ ಕುರಿಗೆ ಅವನದು ಒಂದೇ ಮದ್ದು: ಬಾಯಿ ಕಟ್ಟುವುದು. ಉಣ್ಣೆಯ ಹುರಿಯಿಂದ ಮೂತಿ ಬಿಗಿದರೆ ಹುಲ್ಲಿಲ್ಲ, ನೀರಿಲ್ಲ. ಎರಡು ಹಗಲು ಒಂದು ರಾತ್ರಿ ಕಳೆದು ಸಂಜೆ ಬಿಚ್ಚಿದರೆ ಹತ್ತರಲ್ಲಿ ಎಂಟು ಎದ್ದು ನಿಲ್ಲುತ್ತಿದ್ದವು. ಅವತ್ತು ಬೆಳಿಗ್ಗೆಯೂ ಇಪ್ಪತ್ತು ಕುರಿಗಳ ಬಾಯಿ ಕಟ್ಟಿಯೇ ಅವನು ಮೇಲೆ ಬಂದಿದ್ದ.

ಪಕ್ಕದ ಗುಡಿಸಲಿನಲ್ಲಿ ಮಲಗಿದ್ದ ಭೀಮಕ್ಕ ಅಲ್ಲಿಂದಲೇ ಕೂಗಿದಳು: "ಏನ್ ಮಾಡಾನ್ಲಾ ಯತ್ತಪ್ಪ? ಈ ಪುಡಿ ಕುಡಿಯಾದೋ ಬ್ಯಾಡವೋ?"

"ಇಡು ಅತ್ಲಾಗೆ. ನಾಳೆ ಹೊತ್ತು ಮುಳುಗೋಗಂಟ ಹನಿ ನೀರು ಮುಟ್ಟಬ್ಯಾಡ. ಕರುಳು ಬಿಗೀಲಿ ಮೊದ್ಲು. ಆಮ್ಯಾಕೆ ಪುಡಿ ಕುಡಿಯೋಳಂತೆ."

ಮುದಿಜೀವ ಮಲಗಿದ್ದ ಉಳಿದ ಎಂಟು ಮನೆಗಳೂ ಅದನ್ನು ಕೇಳಿದವು.

ಮೊದಲ ಮಧ್ಯಾಹ್ನ ಜುಂಜಮ್ಮ ತಮಾಷೆಯಲ್ಲೇ ಕೇಳಿದಳು. "ಲೇ, ನಾನೇನು ಕುರಿ ಏನ್ಲಾ? ನಿಮ್ಮವ್ವ ಕಣ್ಲಾ. ಒಂದು ಲೋಟ ಕೊಡು."

"ನಾಳೆ ಸಂಜೆ ಬಿಂದಿಗೆನೇ ಕುಡೀವಂತೆ ಬುಡವ್ವ."

"ನಾಳೆ ಸಂಜೆ ನಾನೆಲ್ಲಿರ್ತೀನೋ."

"ಇಲ್ಲೇ. ಇನ್ನೆಲ್ಲಿಗೋಯ್ತೀಯ, ಹಳ್ಳ ತುಂಬೈತೆ."

ಅವಳು ನಕ್ಕಳು. ಸಂಜೆಯ ಹೊತ್ತಿಗೆ ಕೇಳುವ ರೀತಿ ಬದಲಾಯಿತು. ತಮಾಷೆ ಹೋಗಿ ಬೈಗುಳ ಬಂತು, ಬೈಗುಳ ಹೋಗಿ ಬೇಡಿಕೆ ಬಂತು. ಸೂರಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಜುಂಜಮ್ಮ ಆ ಸದ್ದಿನ ಕಡೆಗೇ ಮುಖ ತಿರುಗಿಸಿ ಮಲಗಿದಳು. ಯತ್ತಪ್ಪನ ಹೆಂಡತಿ ಕ್ಯಾತಮ್ಮ ತಡೆಯಲಾರದೆ ಲೋಟ ತಂದಳು.

"ಆ ಹುಡುಗಿ ಅಷ್ಟು ಹೇಳಿ ಹೋದ್ಲಲ್ಲ. ಒಂದು ಗುಟುಕು ಕೊಡಾನ."

"ಕೊಡು," ಎಂದ ಯತ್ತಪ್ಪ, ಅವಳ ಮುಖ ನೋಡದೆ. "ಕೊಟ್ಟು, ನಾಳೆ ನೀನೇ ಹೆಣ ಹೊರು."

ಕ್ಯಾತಮ್ಮ ಲೋಟ ಹಿಂದಕ್ಕೆ ಒಯ್ದಳು. ಅವನೇ ಬಾಗಿಲಲ್ಲಿ ಅಡ್ಡ ಕೂತ. ಅವನಿಗೆ ಕನಿಕರವಿರಲಿಲ್ಲವೆಂದು ಯಾರೂ ತಿಳಿಯಬಾರದು. ಮನಸ್ಸು ಗಟ್ಟಿ ಮಾಡಿಕೊಂಡಿದ್ದ, ಅಷ್ಟೇ. ಅರಚುವ ಕುರಿಗೆ ಕನಿಕರಪಟ್ಟು ಹುರಿ ಬಿಚ್ಚಿದವರ ಕುರಿ ಸತ್ತದ್ದನ್ನು ಅವನು ಕಂಡಿದ್ದ. ಕನಿಕರವೇ ಕೊಲ್ಲುವುದೆಂದು ಅವನ ನಂಬಿಕೆ. ಕೊನೆಗೆ ಪಂಚೆಯ ಚುಂಗನ್ನು ಒದ್ದೆ ಮಾಡಿ ಅವಳ ತುಟಿಗೆ ಒತ್ತಿದ. ಹಲ್ಲಿಲ್ಲದ ಒಸಡಿನಿಂದ ಮುದುಕಿ ಆ ಚುಂಗನ್ನು ಕಚ್ಚಿ ಹೀರಿದಳು. ಆ ಒಣಗಿದ ದೇಹದಲ್ಲಿ ಅಷ್ಟು ಬಲ ಎಲ್ಲಿತ್ತೋ, ಅವನು ಬಟ್ಟೆಯನ್ನು ಎಳೆದುಕೊಳ್ಳಬೇಕಾಯಿತು. ಎಳೆದುಕೊಂಡ.

ಮರುದಿನ ಬೆಳಿಗ್ಗೆ ಭೇದಿ ನಿಂತಿತ್ತು.

ಯತ್ತಪ್ಪನಿಗೆ ಆದ ಸಂತೋಷ ಇಷ್ಟೆಂದು ಹೇಳಲಾಗದು. ಹಟ್ಟಿಯ ನಡುವೆ ನಿಂತು, "ನಿಂತೈತೆ! ನಮ್ಮವ್ವಂಗೆ ನಿಂತೈತೆ!" ಎಂದು ಕೂಗಿದ. ಹೊರಗೆ ಹೋಗಲು ಒಳಗೆ ಏನೂ ಉಳಿದಿಲ್ಲದ್ದರಿಂದ ನಿಂತಿತೆಂದು ಹೇಳಬಲ್ಲವರು ಹಳ್ಳದಾಚೆಗಿದ್ದರು. ಕದ್ದುಮುಚ್ಚಿ ಗುಟುಕು ಕೊಡುತ್ತಿದ್ದ ಒಂದೆರಡು ಮನೆಯವರೂ ಅದನ್ನು ಕೇಳಿ ಲೋಟ ದೂರ ಇಟ್ಟರು.

ಮಧ್ಯಾಹ್ನಕ್ಕೆ ಜುಂಜಮ್ಮನ ಧ್ವನಿ ಹೋಯಿತು. ಕಣ್ಣು ಒಳಕ್ಕೆ ಇಳಿದವು. ಮಗನನ್ನು ನೋಡಿ ತುಟಿ ಆಡಿಸಿದಳು. ಸದ್ದು ಬರದಿದ್ದರೂ ಯಾವ ಮಾತೆಂದು ಅವನಿಗೆ ತಿಳಿಯಿತು. "ಇನ್ನೇನು, ಹೊತ್ತು ಇಳೀತಾ ಐತೆ" ಎಂದು ಅವಳ ಪಾದ ತಿಕ್ಕಿದ. ಪಾದ ತಣ್ಣಗಿತ್ತು. ಮಳೆಗಾಲದ ಚಳಿ ಎಂದುಕೊಂಡ. ಎದ್ದು ಹೋಗಿ ತಾನೇ ನೀರು ಕಾಯಿಸಿದ, ಆರಿಸಿದ, ಐದು ಲೋಟ ಅಳೆದು ಪೊಟ್ಟಣ ಒಡೆದು ಬೆರೆಸಿದ. ದುರ್ಗದ ಹಿಂದೆ ಮೋಡ ಕೆಂಪಾಗುವುದನ್ನೇ ಕಾದಿದ್ದು, ಹೇಳಿದ ಹೊತ್ತಿಗೆ ಒಂದು ಗಳಿಗೆ ಮುಂಚೆಯೂ ಅಲ್ಲ, ಆಮೇಲೂ ಅಲ್ಲ, ತಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಲೋಟ ಬಾಯಿಗಿಟ್ಟ.

"ಕುಡಿ ಅವ್ವ. ಈಗ ಕುಡಿ."

ನೀರು ಬಾಯಿಯ ಒಂದು ಕಡೆಯಿಂದ ಒಳಹೋಗಿ ಇನ್ನೊಂದು ಕಡೆಯಿಂದ ಹರಿದು ಅವನ ಪಂಚೆಗೆ ಇಳಿಯಿತು. ಅವನು ಮತ್ತೆ ಹೊಯ್ದ. ಕ್ಯಾತಮ್ಮ ಬಂದು ಕೈ ಹಿಡಿದಳು. ಆಗಲೂ ಹೊಯ್ಯುತ್ತಿದ್ದ.

ಹಟ್ಟಿಯಲ್ಲಿ ಸಾವಾದರೆ ಹೆಣ ಎತ್ತುವವರೆಗೆ ಯಾವ ಮನೆಯಲ್ಲೂ ಒಲೆ ಹಚ್ಚುವಂತಿಲ್ಲ. ಕೂಸುಗಳನ್ನು ಬಿಟ್ಟರೆ ಯಾರೂ ತೊಟ್ಟು ನೀರು ಕುಡಿಯುವಂತಿಲ್ಲ. ಜುಂಜಮ್ಮನ ಮಗಳನ್ನು ಶಿರಾದಾಚೆಯ ಹಟ್ಟಿಗೆ ಕೊಟ್ಟಿತ್ತು. ಮಗಳು ಮುಖ ನೋಡದೆ ಮಣ್ಣು ಮಾಡುವುದೆಂತು? ಅವಳನ್ನು ಕರೆತರಲು ಹಗ್ಗ ಹಿಡಿದು ಇಬ್ಬರು ಹೊರಟರು. ನಾಳೆಯೋ ನಾಡಿದ್ದೋ ಬರಬೇಕು. ಹೊತ್ತು ಮುಳುಗಿದ ಮೇಲೆ ನೀರು ಕುಡಿಯಬಹುದೆಂದು ಕಾದಿದ್ದ ಎಂಟು ಮುದಿಜೀವಗಳೂ, ಹಿರಿಯಳಿಗೆ ಸಲ್ಲಬೇಕಾದ ಮರ್ಯಾದೆಯೆಂದು, ತುಟಿ ಮುಚ್ಚಿಕೊಂಡವು.

ಬೆಳಿಗ್ಗೆ ನರಸಿಂಹಮ್ಮ ಹೇಳಿದಂತೆ ಬಂದಳು. ಜಗುಲಿಗೆ ಒರಗಿಸಿ ಕೂಡಿಸಿದ್ದ ಹೆಣ ನೋಡಿ ನಿಂತಳು.

"ಎಷ್ಟು ಲೋಟ ಕುಡಿಸಿದ್ರಿ?"

ಸುಳ್ಳು ಹೇಳಬಹುದಿತ್ತು. ಹತ್ತು ಎಂದಿದ್ದರೆ ಅವಳು ನಂಬುತ್ತಿದ್ದಳು.

"ಕುಡಿಸ್ಲಿಲ್ಲ," ಎಂದ ಯತ್ತಪ್ಪ. "ಬಾಯಿ ಕಟ್ಟಿದ್ದೆ. ಕುರೀಗೆ ಕಟ್ಟಿದಂಗೆ."

ನರಸಿಂಹಮ್ಮ ಒದ್ದೆ ನೆಲದ ಮೇಲೆ ಹಾಗೇ ಕೂತುಬಿಟ್ಟಳು. ಬಯ್ಯುತ್ತಾಳೆಂದು ಅವನು ಕಾದ. ಬಯ್ಯಲಿಲ್ಲ. ಅವನೊಬ್ಬನಿಗೆ ಕೇಳುವಷ್ಟು ಮೆಲ್ಲಗೆ ಅಂದಳು: "ನಿಮ್ಮ ಕುರಿ ಕೆಟ್ಟದ್ದು ಹುಲ್ಲಿಂದ. ಬಾಯಿ ಕಟ್ಟಿದ್ರೆ ಹುಲ್ಲು ನಿಲ್ತದೆ, ಅದಕ್ಕೇ ಅವು ಏಳ್ತವೆ. ಅಜ್ಜಿ ಒಳಗಿಂದ ಹೋಗಿದ್ದು ನೀರು. ಅದನ್ನೇ ತಡೆದುಬಿಟ್ರಲ್ಲ." ಮೂಗು ಒರೆಸಿಕೊಂಡು ಎದ್ದಳು. "ಉಳಿದವರು ಎಲ್ಲಿ?"

ಭೀಮಕ್ಕನ ಗುಡಿಸಲಿನಿಂದ ಹೊರಬಂದಾಗ ಅವಳ ಮುಖ ಬಿಳಿಚಿಕೊಂಡಿತ್ತು. "ಇವರಿಗೆ ಈಗಲೇ ಕುಡಿಸ್ಬೇಕು. ಇಲ್ದಿದ್ರೆ ಸಂಜೆವರೆಗೂ ಇವರು ಉಳಿಯಲ್ಲ."

ಯಜಮಾನ ಮಾರಣ್ಣ ಕೋಲೂರಿ ಮುಂದೆ ಬಂದ. ಕೆಟ್ಟ ಮನುಷ್ಯನಲ್ಲ. "ಹಟ್ಟಿ ಒಳಗೆ ಹೆಣ ಐತೆ ಕಣಮ್ಮ. ಹಿಂದ್ಲಿಂದ ಬಂದಿರಾದು. ನಾವು ಹೆಂಗೆ ಕುಡಿಸಾನ? ಅವರು ಹೆಂಗೆ ಕುಡಿದಾರು?"

"ಹಾಗಾದ್ರೆ ಹೆಣ ಎತ್ತಿ."

"ಗುಂಡಿ ತೆಗೆದಷ್ಟೂ ನೀರು ಬರ್ತೈತೆ. ಮಗಳು ಬೇರೆ ಬಂದಿಲ್ಲ."

ನರಸಿಂಹಮ್ಮ ತಾನು ತಂದಿದ್ದ ಕಾಯಿಸಿದ ನೀರಿಗೆ ಪುಡಿ ಕಲಸಿ, ಒಂದು ಲೋಟ ಭೀಮಕ್ಕನ ತುಟಿಗೆ ಹಿಡಿದಳು. ಮುದುಕಿ ಹಲ್ಲು ಕಚ್ಚಿ ಮುಖ ತಿರುಗಿಸಿದಳು. "ಜುಂಜಿ ಹೋಗ್ಲಿ," ಎಂದಳು, ಗಂಟಲು ಕೆರೆದಂತೆ. "ಆಮ್ಯಾಕೆ."

ಯತ್ತಪ್ಪ ಅದನ್ನು ಬಾಗಿಲಿನಿಂದ ನೋಡಿದ. ಅವನು ಮಾತೊಂದು ಹೇಳಿದ್ದಕ್ಕೆ ಎಂಟು ಮನೆ ಲೋಟ ಕೆಳಗಿಟ್ಟಿತ್ತು. ಅವನ ತಾಯಿಯ ಗೌರವಕ್ಕೆಂದು ಈಗ ಎಂಟು ಮನೆ ಸಾಯಲು ಸಿದ್ಧವಾಗಿತ್ತು. ಇದನ್ನು ಬಿಡಿಸುವ ಕೈ ಇನ್ನೊಬ್ಬರದಲ್ಲ.

ಅವನು ನರಸಿಂಹಮ್ಮನ ಕೈಯಿಂದ ಲೋಟ ತೆಗೆದುಕೊಂಡು ಹೊರಗೆ ಬಂದು ತಾಯಿಯ ಎದುರು ನಿಂತ.

"ನಮ್ಮವ್ವ ಬೇನೆ ಬಂದು ಸಾಯ್ಲಿಲ್ಲ," ಎಂದ. "ನೀರು ನೀರು ಅಂತ ಎರಡು ದಿನ ಬೇಡಿದ್ಲು. ನಾನು ಕೊಡ್ಲಿಲ್ಲ. ನಾನೇ ಕೊಂದೆ. ನಿಮ್ಗೆಲ್ಲ ಹೇಳಿಕೊಟ್ಟನಲ್ಲ, ಅದೂ ಕೊಲ್ಲಾದೇ."

"ಯತ್ತಪ್ಪ, ಬಾಯಿ ಮುಚ್ಚು," ಎಂದ ಮಾರಣ್ಣ.

ಯತ್ತಪ್ಪ ಲೋಟ ಎತ್ತಿ ಗಟಗಟ ಕುಡಿದ. ನಿನ್ನೆ ಸಂಜೆಯಿಂದ ಅವನ ಬಾಯಿಗೂ ಹನಿ ಬಿದ್ದಿರಲಿಲ್ಲ. ನೀರು ಗಂಟಲಿನಲ್ಲಿ ಇಳಿಯುತ್ತಿದ್ದಂತೆ ಮೈಯೆಲ್ಲ ಹಿಗ್ಗಿತು. ತಾಯಿಯ ಹೆಣದ ಮುಂದೆ ನಿಂತ ಆ ಮೈಗೆ ನಾಚಿಕೆಯೇ ಇರಲಿಲ್ಲ. ಇದು ಇಷ್ಟು ರುಚಿಯಾಗಿರುತ್ತದೆಂದು ಅವನು ಎಣಿಸಿರಲಿಲ್ಲ. ಬದುಕಿರುವಷ್ಟು ದಿನ ತಾನು ಮರೆಯಲಾರದ್ದು ಇದೊಂದೇ ಎಂದು ಅವನಿಗೆ ಆಗಲೇ ಗೊತ್ತಾಯಿತು.

ಹೆಂಗಸರಲ್ಲಿ ಯಾರೋ ಥೂ ಎಂದರು. ಮಾರಣ್ಣ ಮುಖ ತಿರುಗಿಸಿ ಗುಡಿಯ ಕಡೆ ನಡೆದ.

ಯತ್ತಪ್ಪ ಇನ್ನೊಂದು ಲೋಟ ತುಂಬಿಕೊಂಡು ಭೀಮಕ್ಕನ ಪಕ್ಕ ಕುಕ್ಕುರುಗಾಲಲ್ಲಿ ಕೂತ. ಮುದುಕಿ ಅವನ ಕಡೆ ಮುಖ ತಿರುಗಿಸಿದಳು.

"ಹಾಳಾದವ್ನೇ," ಎಂದಳು. "ಹೆತ್ತವಳ ಮುಂದೆ ಕುಡಿದ್ಬುಟ್ಟೆಯಲ್ಲೋ."

"ಕುಡಿದ್ಬುಟ್ಟೆ ಕಣತ್ತೆ. ಪಾಪ ನಂದೇ. ನೀನು ಕುಡಿ."

ಅವಳು ಬಾಯಿ ತೆರೆದಳು. ಗುಟುಕು ಇಳಿಯುವುದು ಕತ್ತಿನ ನರದಲ್ಲಿ ಕಾಣಿಸಿತು. ಇನ್ನೊಂದು. ನರಸಿಂಹಮ್ಮ ಹಿಂದೆ ನಿಂತು ಅವಸರ ಬೇಡ, ಮೆಲ್ಲಗೆ ಅನ್ನುತ್ತಿದ್ದಳು. ಲೋಟ ಬರಿದಾದ ಮೇಲೆ ಯತ್ತಪ್ಪ ಎದ್ದು ಚೊಂಬು ತುಂಬಿಕೊಂಡ. ಇನ್ನೂ ಏಳು ಮನೆಗಳಿದ್ದವು. ಮುಂದಿನ ಬಾಗಿಲಲ್ಲಿ, ಒಳಗೆ ಮಲಗಿದ್ದ ಮುದುಕನ ಸೊಸೆ ಅಡ್ಡ ನಿಂತು, "ನೀನೇ ತಾನೇ ಬ್ಯಾಡ ಅಂದವ್ನು, ಈಗೇನು?" ಎಂದಳು. ಅವನು ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ನಿಂತು ಮತ್ತೆ ಮೊದಲಿನಿಂದ ಹೇಳತೊಡಗಿದ.